ಒಂಟಿ ಕದ

ಎರ್ಲೆನ್‌ಸ್ಟೈನ್ ಅರಮನೆ
9 ನವೆಂಬರ್ 1858

ಪ್ರೀತಿಯ ಅಮ್ಮನಿಗೆ,

ಮದುವೆಯಾಗಿ ಆರು ವಾರವಾಯಿತು. ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಬೈಯಬೇಡ. ಬರೆದಿದ್ದರೆ ಸುಳ್ಳು ಬರೆಯಬೇಕಾಗುತ್ತಿತ್ತು. ಇವತ್ತು ನಿಜ ಬರೆಯುವಷ್ಟು ಸಿಟ್ಟು ಬಂದಿದೆ, ಅದಕ್ಕೇ ಕೂತಿದ್ದೇನೆ.

ಇಲ್ಲಿ ದರ್ಬಾರಿನ ಹಜಾರಕ್ಕೆ ಒಂದು ಬಾಗಿಲಿದೆ. ಬಿಳಿ ಬಣ್ಣ, ಚಿನ್ನದ ಅಂಚು, ಎರಡು ಕದ. ರಾಜಮನೆತನದಲ್ಲಿ ಹುಟ್ಟಿದವರು ಬಂದರೆ ಎರಡೂ ಕದ ತೆರೆಯುತ್ತಾರೆ, ಹಾಗೆ ಹುಟ್ಟದವಳಿಗೆ ಒಂದೇ. ಮೊನ್ನೆ ಭಾನುವಾರ ಕೊನ್ರಾಡ್ ಮುಂದೆ ನಡೆದ, ಎರಡೂ ಕದ ತೆರೆದವು. ನಾನು ಅವನಿಗಿಂತ ನಾಲ್ಕೇ ಹೆಜ್ಜೆ ಹಿಂದೆ. ಅವನು ಒಳಗೆ ಕಾಲಿಟ್ಟನೋ ಇಲ್ಲವೋ, ಬಾಗಿಲು ಕಾಯುವ ವೈಟ್ ಎಂಬವನು ಎಡಗಡೆಯ ಕದವನ್ನು ನನ್ನ ಮೂಗಿನ ಮುಂದೆಯೇ ಮುಚ್ಚಿ ಮೇಲೊಂದು ಕೆಳಗೊಂದು ಚಿಲಕ ಹಾಕಿದ. ಉಳಿದ ಸಂದಿಯಲ್ಲಿ ನಾನು ತೂರಿಕೊಳ್ಳಬೇಕು. ಈಗಿನ ಲಂಗ ನಿನಗೆ ಗೊತ್ತಲ್ಲ, ಒಳಗೆ ಉಕ್ಕಿನ ಬಳೆಗಳನ್ನು ಹಾಕಿ ಗುಡಾರದ ಹಾಗೆ ಉಬ್ಬಿಸಿದ್ದು. ಆ ಸಂದಿಯಲ್ಲಿ ಅದು ನೇರವಾಗಿ ಹಿಡಿಸುವುದಿಲ್ಲ. ಉಳಿದ ಹೆಂಗಸರೆಲ್ಲ ಪಕ್ಕದ ಮೊಗಸಾಲೆಯಿಂದ ಮೊದಲೇ ಬಂದು ಸಾಲಾಗಿ ನಿಂತಿರುತ್ತಾರೆ. ಅವರೆಲ್ಲರ ಕಣ್ಣೆದುರು ಒಂದು ಕಡೆ ಲಂಗ ಎತ್ತಿ ಹಿಡಿದು, ಓರೆಯಾಗಿ, ಏಡಿಯ ಹಾಗೆ ಒಳಗೆ ಹೋದೆ. ಬೀಸಣಿಗೆಗಳ ಹಿಂದೆ ನಗು ಕೇಳಿಸಿತು.

ಆಮೇಲೆ ಕೊನ್ರಾಡನನ್ನು ಹಿಡಿದು ಕೇಳಿದೆ.

"ಅಭ್ಯಾಸ ಆಗುತ್ತೆ ಬಿಡು ಟಿಲ್ಲಿ," ಅಂದ. "ಒಂದು ಬಾಗಿಲು ತಾನೆ?"

"ನಿನಗೇನು ಗೊತ್ತು ಬಾಗಿಲು ಅಂದ್ರೆ? ಹುಟ್ಟಿದಾಗಿಂದ ಒಂದು ಬಾಗಿಲನ್ನಾದ್ರೂ ನಿನ್ನ ಕೈಯಾರೆ ತೆಗೆದಿದೀಯಾ?"

ಅವನು ನಿಜವಾಗಿಯೂ ಯೋಚನೆ ಮಾಡಿದ. ಮೂವತ್ತೊಂದು ವರ್ಷದಲ್ಲಿ ಒಂದೂ ನೆನಪಾಗಲಿಲ್ಲ. ಇಬ್ಬರೂ ನಕ್ಕೆವು. ಅವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ ಅಮ್ಮ.

ಮದುವೆಯ ದಿನ ಪಾದ್ರಿ ಅವನ ಎಡಗೈಯಲ್ಲಿ ನನ್ನ ಕೈ ಇಟ್ಟಾಗ ನೀನು ಮುಂದಿನ ಸಾಲಿನಲ್ಲೇ ಇದ್ದೆ. ಆಮೇಲೆ ಒಂದು ಮಾತೂ ಆಡದೆ ಗಾಡಿ ಹತ್ತಿದೆ. ನುಂಗಿಕೊಂಡ ಆ ಮಾತು ಏನೆಂದು ಈಗಲಾದರೂ ಬರಿ.

ನಿನ್ನ
ಟಿಲ್ಲಿ


ಟ್ರೆಬ್ನೋ
24 ನವೆಂಬರ್ 1858

ಟಿಲ್ಲಿಗೆ,

ಕಾಗದ ಬಂತು. ಹೆಬ್ಬಾತುಗಳನ್ನು ಕೊಯ್ಯುವ ವಾರ, ಮೊಣಕೈವರೆಗೆ ಪುಕ್ಕ ಅಂಟಿಕೊಂಡಿತ್ತು. ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ.

ನಾನು ನುಂಗಿಕೊಂಡದ್ದು ಏನೂ ಇಲ್ಲ. ಹೇಳಬೇಕಾದ್ದನ್ನೆಲ್ಲ ಮದುವೆಗೆ ಮುಂಚೆಯೇ ಹೇಳಿಯಾಗಿತ್ತು. ಆ ಮದುವೆಯ ಒಪ್ಪಂದದಲ್ಲಿ ಹನ್ನೊಂದು ಕಲಮುಗಳಿದ್ದವು. ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ. ಒಂದನೆಯದು, ನೀನು ಡಚೆಸ್ ಅಲ್ಲ, ಬರೀ ಫ್ರಾವ್ ಫಾನ್ ರೇಫೆಲ್ಡ್, ಅಂದರೆ ರೇಫೆಲ್ಡಿನ ಶ್ರೀಮತಿ. ಇಲ್ಲದ ಊರಿನ ಹೆಸರು, ನಿನಗಾಗಿ ಹೊಸೆದದ್ದು. ನಾಲ್ಕನೆಯದು, ಊಟದ ಮೇಜಿನಲ್ಲಿ ನಿನಗೆ ಕಟ್ಟಕಡೆಯ ಜಾಗ. ಒಂಬತ್ತನೆಯದು, ಹುಟ್ಟುವ ಮಕ್ಕಳಿಗೂ ಅದೇ ಹೊಸೆದ ಹೆಸರು, ಅಪ್ಪನ ಮನೆತನದ ಹೆಸರಿಲ್ಲ, ಹಕ್ಕಿಲ್ಲ. ಸರಿಸಮಾನಳಲ್ಲದವಳಿಗೆ ಮದುವೆಯಲ್ಲಿ ಎಡಗೈ ಕೊಡುತ್ತಾರೆ ಎಂದು ನಿನಗೆ ಗೊತ್ತಿತ್ತು. ನಾನು ಓದುತ್ತಿದ್ದಾಗ ನೀನು ಕಿಟಕಿಯಾಚೆ ನೋಡುತ್ತಿದ್ದೆ. ನಿನ್ನ ಡ್ಯೂಕ್ ಮಹಾಶಯ ನಮ್ಮ ಟರ್ನಿಪ್ ಹೊಲದಲ್ಲಿ ಕುದುರೆಯಿಂದ ಬಿದ್ದ ದಿನದಿಂದ ನೀನು ಅದೇ ಕಿಟಕಿಯಾಚೆ ನೋಡುತ್ತಿದ್ದೆ.

ಟ್ರೆಬ್ನೋ ಮನೆತನಕ್ಕೆ ನಾನೂರು ವರ್ಷವಾಯಿತು. ಮನೆಯ ಸೂರು ಸೋರುತ್ತದೆ, ಆದರೂ ನಾನೂರು ವರ್ಷ ನಾವು ಯಾರ ಮನೆಗೂ ಓರೆಯಾಗಿ ಹೋದವರಲ್ಲ. ನೀನು ಹೋದೆ. ಇನ್ನು ಕಿರಿದಾದ ಲಂಗ ಹೊಲಿಸಿಕೊ. ಆಯ್ಕೆ ಮಾಡಿಕೊಂಡದ್ದು ನೀನೇ.

ಹೊಗೆ ಹಾಕಿದ ಹೆಬ್ಬಾತಿನ ಎದೆಮಾಂಸ ಎರಡು ತುಂಡು ಕಳಿಸಿದ್ದೇನೆ. ಅರಮನೆಯಲ್ಲಿ ಉಪ್ಪು ಕಡಿಮೆ ಹಾಕುತ್ತಾರೆ ಎಂದು ಕೇಳಿದ್ದೇನೆ.

ನಿನ್ನ ತಾಯಿ
ಹೆಡ್ವಿಗ್ ಫಾನ್ ಟ್ರೆಬ್ನೋ


ಎರ್ಲೆನ್‌ಸ್ಟೈನ್
3 ಜನವರಿ 1859

ಅಮ್ಮ,

ಕಿರಿದಾದ ಲಂಗ ಹೊಲಿಸಲಿಲ್ಲ. ಇನ್ನೂ ಎರಡು ಗೇಣು ಅಗಲದ್ದನ್ನು ಹೊಲಿಸಿದೆ.

ಹೊಸ ವರ್ಷದ ದರ್ಬಾರು. ಇಲ್ಲೊಂದು ಕಟ್ಟಳೆ ಇದೆ, ಆ ಬಾಗಿಲು ಮುಚ್ಚುವತನಕ ಹಜಾರದಲ್ಲಿ ಯಾರೂ ಕೂರುವಂತಿಲ್ಲ. ಕೊನ್ರಾಡ್ ಒಳಗೆ ಹೋದ, ವೈಟ್ ಎಡಗದ ಮುಚ್ಚಿ ಎರಡೂ ಚಿಲಕ ಹಾಕಿದ. ನಾನು ಹೊಸ್ತಿಲಲ್ಲಿ ನಿಂತೆ. ಓರೆಯಾಗಲಿಲ್ಲ, ಲಂಗ ಎತ್ತಲಿಲ್ಲ, ಸುಮ್ಮನೆ ನಿಂತೆ.

ಶಿಷ್ಟಾಚಾರದ ಅಧಿಕಾರಿ ಡ್ರಾಬಿಟ್ಸ್ ಕೈಯಲ್ಲಿ ಬೆಳ್ಳಿಕೋಲು ಹಿಡಿದು ಓಡಿ ಬಂದ. ಎಪ್ಪತ್ತು ವರ್ಷದ ಮುದುಕ, ಮೀಸೆಗೆ ಮೇಣ.

"ಒಂಚೂರು ಓರೆಯಾಗಿ ಅಮ್ಮಾವ್ರೇ, ಎಲ್ಲರೂ ಕಾಯ್ತಿದಾರೆ."

"ಕಾಯ್ಲಿ. ನಾನೂ ಕಾಯ್ತಿದೀನಲ್ಲ."

"ಯಾತಕ್ಕೆ?"

"ಇನ್ನೊಂದು ಕದಕ್ಕೆ."

"ಅದು... ಅದಕ್ಕೆ ಅವಕಾಶ ಇಲ್ಲ ಅಮ್ಮಾವ್ರೇ. ಸಾವಿರದ ಆರುನೂರ ಎಂಬತ್ತರಿಂದ ಇಲ್ಲ."

"ಹಾಗಾದ್ರೆ ಕದದ ಕೀಲಿಗೆ ಎಣ್ಣೆ ಬಿಡಿಸಿ, ಬಿಗಿ ಹಿಡ್ಕೊಂಡಿರುತ್ತೆ."

ಯಾರೋ ಕಿಸಕ್ಕೆಂದರು. ಈ ಸಲ ನನ್ನನ್ನು ನೋಡಿಯಲ್ಲ. ಕಾಲು ಗಂಟೆ ಕಳೆಯಿತು. ವಾತ ಹಿಡಿದ ಇಬ್ಬರು ಸೇನಾಪತಿಗಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ನನ್ನ ಅತ್ತೆ, ಹಿರಿಯ ಡಚೆಸ್ ಅಮಾಲಿಯಾ, ಗೋಡೆಯ ಚಿತ್ರದ ಹಾಗೆ ಅಲುಗದೆ ನಿಂತಿದ್ದರು. ನಾನು ಕೊನ್ರಾಡನನ್ನು ನೋಡಿದೆ. ಅವನು ತನ್ನ ನಶ್ಯದ ಡಬ್ಬಿ ನೋಡಿಕೊಂಡ. ಅಮ್ಮ, ಅದು ಖಾಲಿ ಡಬ್ಬಿ. ಅವನು ನಶ್ಯ ಹಾಕುವುದೇ ಇಲ್ಲ.

ನೇರವಾಗಿ ನುಗ್ಗಿದೆ. ಚೌಕಟ್ಟಿಗೆ ತಗುಲಿ ಉಕ್ಕಿನ ಬಳೆ ಪಟ್ಟೆಂದು ಮುರಿಯಿತು, ಮುರಿದ ತುದಿ ರೇಷ್ಮೆ ಹರಿದು ಹೊರಗೆ ಬಂತು. ಹಾಗೆಯೇ ನಡೆದುಕೊಂಡು ಕಟ್ಟಕಡೆಯ ಕುರ್ಚಿಗೆ ಹೋಗಿ ಕೂತೆ. ಎದ್ದು ಹೋಗಿ ಬಟ್ಟೆ ಬದಲಿಸಲಿಲ್ಲ. ಇಡೀ ಊಟ ಮುಗಿಯುವತನಕ ಆ ಉಕ್ಕಿನ ಇನ್ನೊಂದು ತುದಿ ತೊಡೆಗೆ ಚುಚ್ಚುತ್ತಿತ್ತು.

ಇದನ್ನೆಲ್ಲ ಓದಿ ನೀನು ತಲೆ ಚಚ್ಚಿಕೊಳ್ಳುತ್ತೀ ಎಂದು ಗೊತ್ತು. ಚಚ್ಚಿಕೊ.

ಟಿಲ್ಲಿ

ಹೆಬ್ಬಾತಿನ ಎರಡು ತುಂಡನ್ನೂ ಒಬ್ಬಳೇ ತಿಂದೆ. ಈಚೆಗೆ ಉಪ್ಪು ಕಂಡರೆ ಜೀವ ಬಿಡುತ್ತೇನೆ. ಯಾಕೆಂದು ನಿನಗೆ ಹೇಳಬೇಕಾಗಿಲ್ಲ.


ಟ್ರೆಬ್ನೋ
11 ಫೆಬ್ರುವರಿ 1859

ಟಿಲ್ಲಿ,

ಉಪ್ಪು ಮಿತಿಯಲ್ಲಿ ತಿನ್ನು. ಕಾಲು ಊದುತ್ತದೆ.

ಇದರ ಜೊತೆ ಒಂದು ದೊಡ್ಡ ಗಂಟು ಬರುತ್ತದೆ, ರೈಲಿನವರು ಕೇಳಿದರೆ ಪೀಪಾಯಿ ಸಾಮಾನು ಎನ್ನು. ಅದು ಸುಳ್ಳೂ ಅಲ್ಲ. ನಮ್ಮ ಪೀಪಾಯಿ ಮಾಡುವ ಕ್ರಿಷಾನ್ ಚಳಿಗಾಲದಲ್ಲಿ ಕೆಲಸವಿಲ್ಲದೆ ಕೂತಿದ್ದ. ಕೂತವನಿಗೆ ಏನಾದರೂ ಕೆಲಸ ಕೊಡಬೇಕಲ್ಲ ಎಂದು ಅವನ ಕೈಲಿ ಆರು ಕಬ್ಬಿಣದ ಬಳೆ ಮಾಡಿಸಿದೆ, ಪೀಪಾಯಿಗೆ ಬಿಗಿಯುವ ಪಟ್ಟಿಯಿಂದಲೇ. ಅಳತೆ ಹೇಳಿದಾಗ ಅವನು, "ಅಯ್ಯಮ್ಮೋ, ಇಷ್ಟು ದೊಡ್ಡ ಪೀಪಾಯಿಗೆ ಏನು ತುಂಬ್ತೀರಿ?" ಎಂದು ಕೇಳಿದ. "ನನ್ನ ಮಗಳನ್ನ" ಎಂದೆ.

ಇವು ಮುರಿಯುವುದಿಲ್ಲ.

ಹೀಗೆಲ್ಲ ಆಟವಾಡು ಎಂದು ನಾನು ಹೇಳಿದೆ ಎಂದುಕೊಳ್ಳಬೇಡ. ಕ್ರಿಷಾನ್ ಖಾಲಿ ಕೂತಿದ್ದ, ಅಷ್ಟೇ.

ತಾಯಿ


ಎರ್ಲೆನ್‌ಸ್ಟೈನ್
20 ಸೆಪ್ಟೆಂಬರ್ 1859

ಅಮ್ಮ,

ಹೆಣ್ಣು ಮಗು. ತಂತಿ ಮುಟ್ಟಿರಬೇಕು. ಹದಿನೈದು ದಿನವಾಯಿತು, ಕೂದಲಿಲ್ಲ, ಹುಬ್ಬಿಲ್ಲ, ಗಂಟಲು ಮಾತ್ರ ನಿನ್ನದೇ.

ನಿನ್ನೆ ಅತ್ತೆ ನನ್ನ ಕೋಣೆಗೆ ಬಂದರು. ಇಷ್ಟು ದಿನದಲ್ಲಿ ಇದೇ ಮೊದಲು. ಮಗುವನ್ನು ಎತ್ತಿಕೊಂಡರು, ಎತ್ತಿಕೊಳ್ಳುವುದು ಚೆನ್ನಾಗಿ ಗೊತ್ತಿದೆ ಅವರಿಗೆ. ಆಮೇಲೆ ಬಹಳ ಮೃದುವಾಗಿ ಮಾತಾಡಿದರು.

"ನೋಡು ಮಗಳೇ, ಒಂಬತ್ತನೇ ಕಲಮನ್ನ ನಾನು ಬದಲಾಯಿಸಬಲ್ಲೆ. ದೀಕ್ಷಾಸ್ನಾನದ ದಿನ ಇವಳನ್ನ ನಾನೇ ಎತ್ಕೊಂಡು ಎರಡೂ ಕದದಿಂದ ಒಳಗೆ ತರ್ತೀನಿ. ನನ್ನ ಹೆಸರಿಡ್ತೀನಿ. ನನ್ನ ಅಂತಃಪುರದಲ್ಲಿ ಬೆಳೀತಾಳೆ, ರಾಜಕುಮಾರಿ ಅನ್ನಿಸ್ಕೋತಾಳೆ. ನಾಳೆ ಯಾವನೋ ರಾಜಕುಮಾರ ಇವಳಿಗೆ ಬಲಗೈ ಕೊಡ್ತಾನೆ."

"ನಾನು?"

"ನೀನು ಅವತ್ತು ನಿನ್ನ ಕೋಣೆಯಲ್ಲೇ ಇರ್ತೀಯ. ಆಮೇಲೆ ಕೂಡ... ಮಗು ನಿನ್ನನ್ನ ಫ್ರಾವ್ ಫಾನ್ ರೇಫೆಲ್ಡ್ ಅಂತ ಕರೆಯತ್ತೆ. ವಾರಕ್ಕೊಂದ್ಸಲ ನೋಡಬಹುದು."

ಕೊನ್ರಾಡನ ಮುಖದಲ್ಲಿ ಎಂಥ ಸಂತೋಷ! "ಅಮ್ಮ ಯಾರಿಗೂ ಇಷ್ಟು ಬಿಟ್ಟುಕೊಟ್ಟವಳಲ್ಲ ಟಿಲ್ಲಿ," ಅನ್ನುತ್ತಾನೆ. ತನ್ನ ಮಗಳು ಯಾವ ಬಾಗಿಲಲ್ಲೂ ಓರೆಯಾಗಬೇಕಿಲ್ಲ ಎಂದು ಅವನಿಗೆ ಖುಷಿ. ಅದು ನನಗೂ ಆಸೆಯೇ ಅಮ್ಮ. ಇಡೀ ದಿನ ಅದನ್ನೇ ಯೋಚಿಸಿದೆ. ನಾನು ಬಿಟ್ಟರೆ ಇವಳಿಗೆ ಎರಡೂ ಕದ ತೆರೆಯುತ್ತದೆ. ಬಿಡದಿದ್ದರೆ ಇವಳೂ ನನ್ನ ಹಾಗೆ. ತಾಯಿಯಾದವಳು ಏನು ಮಾಡಬೇಕು? ನನಗೆ ಧೈರ್ಯ ಸಾಲುತ್ತಿಲ್ಲ. ನೀನು ಹೇಳಿದ ಹಾಗೆ ಮಾಡುತ್ತೇನೆ.

ದೀಕ್ಷಾಸ್ನಾನ ಅಕ್ಟೋಬರ್ ಒಂಬತ್ತಕ್ಕೆ. ಬೇಗ ಬರಿ.

ಟಿಲ್ಲಿ


ಎರ್ಲೆನ್‌ಸ್ಟೈನ್
25 ಸೆಪ್ಟೆಂಬರ್ 1859

ಮಾನ್ಯ ಫ್ರಾವ್ ಫಾನ್ ಟ್ರೆಬ್ನೋ ಅವರಿಗೆ,

ತಮ್ಮ ಮಗಳು ಒಟ್ಟಿಲೀ ತಮ್ಮ ಉತ್ತರಕ್ಕಾಗಿ ಕಾಯುತ್ತಿದ್ದಾಳೆ. ಊಟ ಮಾಡುತ್ತಿಲ್ಲ. ನನ್ನ ತಾಯಿಯವರು ತೋರಿದ ಉದಾರತೆ ಎಂಥದು ಎಂಬುದನ್ನು ತಾವು ಅವಳಿಗೆ ತಿಳಿಹೇಳಬೇಕೆಂದು ಕೋರುತ್ತೇನೆ. ನಾನು ಅವಳನ್ನು ಬಹಳ ಪ್ರೀತಿಸುತ್ತೇನೆ. ಅವಳಿಗೆ ನೋವು ಕೊಡಬೇಕೆಂದು ಇಲ್ಲಿ ಯಾರಿಗೂ ಇಲ್ಲ.

ತಮ್ಮ ವಿಧೇಯ
ಕೊನ್ರಾಡ್


ಟ್ರೆಬ್ನೋ
29 ಸೆಪ್ಟೆಂಬರ್ 1859

ಮಾನ್ಯ ಡ್ಯೂಕ್ ಅವರಿಗೆ,

ತಮ್ಮ ಕಾಗದ ಬಂತು. ನನ್ನ ಮಗಳಿಗೆ ತಿಳಿಹೇಳಿದ್ದೇನೆ. ತಮಗೆ ತಿಳಿಹೇಳುವುದು ತಮ್ಮ ತಾಯಿಯವರ ಕೆಲಸವಾಗಿತ್ತು, ಅದು ಆದಂತೆ ಕಾಣುವುದಿಲ್ಲ.

ಹೆಡ್ವಿಗ್ ಫಾನ್ ಟ್ರೆಬ್ನೋ


ಟ್ರೆಬ್ನೋ
29 ಸೆಪ್ಟೆಂಬರ್ 1859

ನನ್ನ ಟಿಲ್ಲಿ,

ಕೇಳಿದ್ದೀಯ, ಹೇಳುತ್ತೇನೆ. ಆದರೆ ಮೊದಲು ನನ್ನದೊಂದು ವಿಷಯ ಹೇಳಿಬಿಡಬೇಕು.

ಮದುವೆಯ ದಿನ ನಾನು ಏನೂ ನುಂಗಿಕೊಳ್ಳಲಿಲ್ಲ ಎಂದು ಬರೆದಿದ್ದೆ. ಸುಳ್ಳು. ಆ ಒಪ್ಪಂದಕ್ಕೆ ಹೆಣ್ಣಿನ ಕಡೆಯಿಂದ ಒಂದು ಸಹಿ ಬೇಕಿತ್ತು, ನೆನಪಿದೆಯೆ? ನಿನ್ನ ಅಪ್ಪ ಇರಲಿಲ್ಲ, ನಾನು ಹಾಕಿದೆ. ಹಾಕದಿದ್ದರೆ ಮದುವೆ ಆಗುತ್ತಿರಲಿಲ್ಲ. ಹನ್ನೊಂದೂ ಕಲಮುಗಳನ್ನು ಎರಡು ಸಲ ಓದಿದವಳು ನಾನು, ಒಂಬತ್ತನೆಯದು ಚೆನ್ನಾಗಿ ಅರ್ಥವಾಗಿತ್ತು. ಆದರೂ ಹಾಕಿದೆ. ಯಾಕೆಂದರೆ ಸೂರು ಸೋರುವ ಮನೆಯ ಹುಡುಗಿ ಅರಮನೆ ಸೇರುತ್ತಾಳೆ ಎಂದು ನನಗೂ ಒಳಗೊಳಗೇ ಹಿಗ್ಗಿತ್ತು. ಪಾದ್ರಿಯ ಹೆಂಡತಿಗೆ ಹೇಳಿಕೊಂಡು ಮೆರೆಯಬೇಕಿತ್ತು. ನಿನ್ನನ್ನು ಕಿಟಕಿ ನೋಡಿದೆ ಎಂದು ಜರೆದೆ. ನಾನು ಕಣ್ಣು ತೆರೆದುಕೊಂಡೇ ನಿನ್ನನ್ನು ಓರೆಯಾಗಿ ಕಳಿಸಿದೆ. ಗಾಡಿ ಹತ್ತಿದಾಗ ನಾಚಿಕೆಯಿಂದ ಬಾಯಿ ಬರಲಿಲ್ಲ. ನುಂಗಿಕೊಂಡದ್ದು ಅದು. ನನ್ನನ್ನು ಕ್ಷಮಿಸು.

ಈಗ ಮಗುವಿನ ವಿಷಯ. ಕೊಡಬೇಡ. ಎರಡು ಕದದ ಆಸೆಗೆ ತಾಯಿಯನ್ನೇ ಹೊರಗೆ ನಿಲ್ಲಿಸಿದ ಹುಡುಗಿ ಯಾವ ರಾಜಕುಮಾರನ ಬಲಗೈ ಹಿಡಿದರೂ ಜೀವಮಾನವೆಲ್ಲ ಯಾರಿಗೋ ಹೆದರಿಕೊಂಡೇ ಇರುತ್ತಾಳೆ. ಓರೆಯಾಗುವುದಾದರೆ ನಿನ್ನ ಜೊತೆ ಓರೆಯಾಗಲಿ. ಅದೂ ಬೇಡವೆಂದರೆ ಇಲ್ಲಿಗೆ ಬಾ. ಇಲ್ಲಿಯ ಕಣಜದ ಬಾಗಿಲಲ್ಲಿ ಹುಲ್ಲಿನ ಬಂಡಿ ಎತ್ತಿನ ಸಮೇತ ಹೋಗುತ್ತದೆ, ನಿನ್ನ ಲಂಗ ಹೋಗುವುದಿಲ್ಲವೆ?

ನಿನ್ನಜ್ಜಿ, ನಾನು, ನೀನು, ಎಲ್ಲರೂ ಹಾಕಿಸಿಕೊಂಡ ದೀಕ್ಷೆಯ ಅಂಗಿ ಕಳಿಸಿದ್ದೇನೆ. ಎದೆಯ ಹತ್ತಿರ ಒಂದು ಕಲೆ ಇದೆ. ಅದು ನಿನ್ನದು.

ಅಮ್ಮ


ಎರ್ಲೆನ್‌ಸ್ಟೈನ್ ಪೇಟೆ, ಪಾದ್ರಿಯ ಮನೆ
9 ಅಕ್ಟೋಬರ್ 1859

ಅಮ್ಮ,

ನಾಳೆ ಬೆಳಗಿನ ರೈಲಿಗೆ ಹೊರಡುತ್ತೇವೆ. ಈ ಕಾಗದಕ್ಕಿಂತ ನಾನೇ ಮೊದಲು ಬಂದರೂ ಬರಬಹುದು. ಆದರೂ ಬರೆಯುತ್ತೇನೆ, ಎದುರಿಗೆ ಕೂತು ಹೇಳಿದರೆ ಅಳು ಬರುತ್ತದೆ.

ಬೆಳಿಗ್ಗೆ ಕ್ರಿಷಾನನ ಆರೂ ಬಳೆ ಹಾಕಿಕೊಂಡೆ. ದಾಸಿ ಇಬ್ಬರು ಬೇಕಾದರು ಎತ್ತಲಿಕ್ಕೆ. ಮಗುವಿಗೆ ನಮ್ಮ ಅಂಗಿ ತೊಡಿಸಿ ನಾನೇ ಎತ್ತಿಕೊಂಡು ಹಜಾರದ ಬಾಗಿಲಿಗೆ ಹೋದೆ. ಎರಡೂ ಕದ ತೆರೆದಿದ್ದವು. ಅತ್ತೆ ಹೊಸ್ತಿಲ ಒಳಗಡೆ ಕೈ ಚಾಚಿ ನಿಂತಿದ್ದರು.

"ಕೊಡು."

"ನಾನೇ ಎತ್ಕೊಂಡು ಬರ್ತೀನಿ ಅತ್ತೆ."

ಅವರು ಎರಡು ಹೆಜ್ಜೆ ಹಿಂದೆ ಸರಿದು ವೈಟ್‌ಗೆ ಕಣ್ಣಿನಲ್ಲೇ ಹೇಳಿದರು. ಎಡಗದ ಮುಚ್ಚಿತು, ಎರಡೂ ಚಿಲಕ ಬಿದ್ದವು. ನಾನು ನೇರವಾಗಿ ನಡೆದೆ. ಕಬ್ಬಿಣ ಚೌಕಟ್ಟಿಗೆ ಬಡಿದು ಗಂಟೆ ಹೊಡೆದ ಹಾಗೆ ಸದ್ದಾಯಿತು. ಮುರಿಯಲಿಲ್ಲ, ಬಾಗಲೂ ಇಲ್ಲ. ಬಿರಡೆಯ ಹಾಗೆ ಅಲ್ಲೇ ಸಿಕ್ಕಿಕೊಂಡು ನಿಂತೆ. ಬಾಗಿಲು ಮುಚ್ಚುವ ಹಾಗಿಲ್ಲ, ಯಾರೂ ಕೂರುವ ಹಾಗಿಲ್ಲ, ಪಾದ್ರಿ ನೀರು ಮುಟ್ಟುವ ಹಾಗಿಲ್ಲ.

"ಅಮ್ಮಾವ್ರೇ, ದಯವಿಟ್ಟು, ಒಂಚೂರು ಓರೆ..." ಡ್ರಾಬಿಟ್ಸ್ ಬೆವರುತ್ತಿದ್ದ.

"ನನ್ನ ಮಗಳು ಓರೆಯಾಗಿ ಹುಟ್ಟಿಲ್ಲ ಸ್ವಾಮಿ. ನೇರವಾಗೇ ಬಂದ್ಲು. ಬೇಕಾದ್ರೆ ಸೂಲಗಿತ್ತಿಯನ್ನ ಕೇಳಿ."

ಆಗ ಕೊನ್ರಾಡ್ ಬಂದ. ಹೌದು ಅಮ್ಮ, ಬಂದ. ಅಷ್ಟು ಜನರ ಎದುರು, ಇಡೀ ಹಜಾರ ದಾಟಿ, ನೆಟ್ಟಗೆ ಆ ಮುಚ್ಚಿದ ಕದದ ಹತ್ತಿರ ಬಂದು ಕೈ ಹಾಕಿದ. ಮೇಲಿನ ಚಿಲಕ ಎಳೆದ. ಕದ ಜಗ್ಗಿದ. ಬರಲಿಲ್ಲ. ಮತ್ತೆ ಜಗ್ಗಿದ. ಪಾಪ, ಕೆಳಗೊಂದು ಚಿಲಕ ಇರುತ್ತದೆ ಎಂದು ಅವನಿಗೆ ಗೊತ್ತೇ ಇಲ್ಲ. ವೈಟ್ ನೆಲ ನೋಡುತ್ತಾನೆ, ಡ್ಯೂಕನನ್ನು ನೋಡುತ್ತಾನೆ, ಮತ್ತೆ ನೆಲ ನೋಡುತ್ತಾನೆ. ಕೇಳದೆ ಮಾತಾಡುವ ಅಪ್ಪಣೆ ಅವನಿಗಿಲ್ಲ.

ನಾನು ಮೆಲ್ಲಗೆ ಹೇಳಿದೆ. "ಕೆಳಗೊಂದಿದೆ ಕೊನ್ರಾಡ್. ಬಗ್ಗಬೇಕು."

ಅವನು ಅರ್ಧ ಬಗ್ಗಿದ.

"ಕೊನ್ರಾಡ್," ಅಂದರು ಅವನ ತಾಯಿ. ಅಷ್ಟೇ, ಒಂದೇ ಮಾತು.

ಅವನು ನೆಟ್ಟಗೆ ನಿಂತುಬಿಟ್ಟ. ನನ್ನ ಕಡೆ ನೋಡಲಿಲ್ಲ.

ಹೊಸ್ತಿಲಿನಿಂದ ಹಿಂದಕ್ಕೆ ಬಿಡಿಸಿಕೊಂಡು ಬಂದೆ. ಮೆಟ್ಟಿಲಿಳಿದೆ, ಅಂಗಳ ದಾಟಿದೆ, ಸಂತೆ ಬೀದಿಯಲ್ಲಿ ಆ ಲಂಗದಲ್ಲೇ ನಡೆದೆ. ಪೇಟೆಯ ಚರ್ಚಿನಲ್ಲಿ ಭಾನುವಾರದ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಅದಕ್ಕೆ ಒಂದೇ ಕದ, ಆದರೆ ಎಂಥ ಅಗಲ! ಬ್ರೆಡ್ಡಿನ ಅಂಗಡಿಯ ಗಂಡ ಹೆಂಡತಿ ಮಗುವಿಗೆ ಸಾಕ್ಷಿ ನಿಂತರು. ಹೆಸರು ಹೆಡ್ವಿಗ್.

ಪಾದ್ರಿ ಪುಸ್ತಕ ತೆರೆದು, "ಮನೆತನ ರೇಫೆಲ್ಡ್ ಅಂತ ತಾನೆ?" ಎಂದರು.

"ಆ ಹೆಸರಿನ ಊರನ್ನ ನೀವು ನೋಡಿದೀರಾ?"

"ಇಲ್ಲಮ್ಮ."

"ನಾನೂ ನೋಡಿಲ್ಲ. ಟ್ರೆಬ್ನೋ ಅಂತ ಬರೀರಿ. ಅಲ್ಲಿ ನಮ್ಮಮ್ಮ ಇದಾರೆ."

ಅವರು ನನ್ನ ಮುಖ ನೋಡಿದರು, ಆಮೇಲೆ ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಹಾಗೇ ಬರೆದರು.

ನಿನ್ನ
ಟಿಲ್ಲಿ


ಎರ್ಲೆನ್‌ಸ್ಟೈನ್
2 ನವೆಂಬರ್ 1859

ಮಾನ್ಯರೇ,

ಒಟ್ಟಿಲೀಗೆ ಬರೆದ ಮೂರು ಕಾಗದಗಳಿಗೆ ಉತ್ತರವಿಲ್ಲ. ಅದಕ್ಕೆ ತಮಗೆ ಬರೆಯುತ್ತಿದ್ದೇನೆ.

ಮಗುವನ್ನು ವಾಪಸು ಕಳಿಸಬೇಕೆಂದು ಟ್ರೆಬ್ನೋ ಇರುವ ಪ್ರಷ್ಯದ ಸರಕಾರವನ್ನು ಕೇಳುವ ಪತ್ರವೊಂದು ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ತಂದೆಯ ಸಹಿ ಇಲ್ಲದೆ ಅದು ನಡೆಯುವುದಿಲ್ಲ. ತಾಯಿ ದಿನಾ ಬಂದು ಕೇಳುತ್ತಾರೆ. ನಾನು ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದು ನಿನ್ನೆ ಅವರಿಗೆ ಹೇಳಿದೆ. ಅವರ ಮುಖ ನೋಡಿಯೇ ಹೇಳಿದೆ.

ತಾವು ನಗಬಹುದು. ಒಂದು ಮಧ್ಯಾಹ್ನ ಹಜಾರ ಖಾಲಿ ಇದ್ದಾಗ ವೈಟ್‌ನನ್ನು ಕರೆದು ಚಿಲಕ ತೋರಿಸಲು ಹೇಳಿದೆ. ಕೆಳಗಿನದು ಬಹಳ ಬಿಗಿಯಾಗಿದೆ. ಮಂಡಿಯೂರಿ ಎರಡೂ ಕೈಯಲ್ಲಿ ಎಳೆಯಬೇಕು. ಎಳೆದೆ. ಆದರೆ ಆ ಹೊತ್ತಿಗೆ ಅದರಾಚೆ ಯಾರೂ ಇರಲಿಲ್ಲ.

ರಾಜ್ಯದ ಕೆಲಸ ಸದ್ಯಕ್ಕೆ ನನ್ನ ತಮ್ಮನಿಗೆ ವಹಿಸಿದ್ದೇನೆ. ಈ ತಿಂಗಳ ಹನ್ನೊಂದಕ್ಕೆ ಬರಬಹುದೇ? ಯಾವ ಬಾಗಿಲಿಗೆ ಬರಲಿ?

ಕೊನ್ರಾಡ್


ಟ್ರೆಬ್ನೋ
6 ನವೆಂಬರ್ 1859

ಕೊನ್ರಾಡ್,

ಇನ್ನು ಮೇಲೆ ನಿನ್ನನ್ನು ಹೀಗೇ ಕರೆಯುತ್ತೇನೆ. ನಿನಗೆ ಬೇಸರವಾದರೆ ನೀನು ಬರುವುದೇ ಬೇಡ.

ನಿನ್ನ ಕಾಗದವನ್ನು ಟಿಲ್ಲಿಗೆ ಗಟ್ಟಿಯಾಗಿ ಓದಿ ಹೇಳಿದೆ. ಈ ಸಲ ಅವಳು ಕಿಟಕಿಯಾಚೆ ನೋಡಲಿಲ್ಲ. ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಚಿಲಕದ ವಿಷಯ ಮಾತ್ರ ಇನ್ನೊಂದು ಸಲ ಓದು ಎಂದಳು.

ಆದ್ದರಿಂದ ಬಾ, ಆದರೆ ನಾನು ಹೇಳಿದ ಹಾಗೆ. ಮುಂಬಾಗಿಲಿಗೆ ಬರಬೇಡ, ಅದು ನಿನ್ನಂಥವರಿಗಾಗಿ ತೆರೆದು ತೆರೆದು ಸವೆದುಹೋಗಿದೆ. ಹಿತ್ತಲಿನಿಂದ ಅಡುಗೆಮನೆ ಬಾಗಿಲಿಗೆ ಬಾ. ಒಂದೇ ಕದ. ಮೇಲುಗಡೆ ಚೌಕಟ್ಟು ತಗ್ಗು, ಅಲ್ಲಿ ನಾನೂ ತಲೆ ಬಗ್ಗಿಸುತ್ತೇನೆ, ಹೆಬ್ಬಾತು ಹಿಡಿಯುವವನೂ ಬಗ್ಗಿಸುತ್ತಾನೆ, ನೀನೂ ಬಗ್ಗಿಸಬೇಕು. ಚಿಲಕ ಸೊಂಟದ ಎತ್ತರಕ್ಕಿದೆ. ಮೇಲಕ್ಕೆ ಎತ್ತಿ ಒಳಕ್ಕೆ ತಳ್ಳು. ಎಳೆಯಬೇಡ, ಎಳೆದರೆ ಬರುವುದಿಲ್ಲ.

ನಾವು ಮೂವರೂ ಒಳಗೇ ಇರುತ್ತೇವೆ. ನೀನು ಎಷ್ಟು ತಟ್ಟಿದರೂ ಒಳಗಿಂದ ಯಾರೂ ಎದ್ದು ಬಂದು ತೆಗೆಯುವುದಿಲ್ಲ. ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಾ. ಬಲಗೈ ಖಾಲಿ ಇರಲಿ.

ಹೆಡ್ವಿಗ್ ಫಾನ್ ಟ್ರೆಬ್ನೋ, ಹಿರಿಯಳು